ಗಿರಿಯಪ್ಪನವರು ಕಟ್ಟೆ ಹತ್ತಿದ್ದು

ಹಿರೇಕೆರೂರು
6 ಜುಲೈ 2025

ಅಪ್ಪಾ,

ಮೇಲೆ ಜೈಭೀಮ್ ಹಾಕದೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹಾಕಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ.

ನಿನ್ನೆ ಅವ್ವ ಫೋನ್ ಮಾಡಿದಾಗ ನಾನು ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿದ್ದೆ. "ಊರ ದೈವ ಕೂಡಿತ್ತವಾ. ಮದಿವಿ ಆಗದ ಹುಡಿಗ್ಯಾರ ಕೈಯಾಗ ಮೊಬೈಲ್ ಇರಬಾರದಂತ. ಎಲ್ಲಾರ ಫೋನೂ ಕಸಗೊಂಡು ಚಾವಡಿ ತಿಜೋರ್ಯಾಗ ಇಟ್ಟಾರ" ಅಂದಳು. ನನಗೆ ನಗು ಬಂತು. ಹಣಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ನ್ಯಾಯ ಹೇಳುವ ಆ ಹಿರಿಯರು ಇಂಥದ್ದೇನಾದರೂ ಮಾಡುತ್ತಲೇ ಇರುತ್ತಾರೆ ಅಂದುಕೊಂಡೆ. "ಯಾರೂ ಬ್ಯಾಡ ಅನ್ನಲಿಲ್ಲೇನು?" ಎಂದು ಕೇಳಿದೆ. ಅವ್ವ ಮೆಲ್ಲಗೆ, "ನಿಮ್ಮಪ್ಪನೂ ಕೈ ಎತ್ಯಾನ" ಅಂದಳು.

ಕೈಯಲ್ಲಿದ್ದ ಝೆರಾಕ್ಸ್ ಹಾಳೆಗಳು ಕೆಳಗೆ ಬಿದ್ದವು ಅಪ್ಪಾ. ಅಂಗಡಿಯವನು ಆರಿಸಿ ಕೊಟ್ಟ. ಯಾರು ತೀರಿಕೊಂಡರು ಅಕ್ಕಾರ, ಎಂದು ಕೇಳಿದ.

ನೀನು? ನಮ್ಮ ಮನೆಯ ಪಡಸಾಲೆಯಲ್ಲಿ ಸಂವಿಧಾನದ ಪೀಠಿಕೆಗೆ ಕಟ್ಟು ಹಾಕಿಸಿ ತೂಗುಹಾಕಿದ ನೀನು? ನನ್ನನ್ನು ಕಾನೂನು ಓದಿಸಲು ಹುಬ್ಬಳ್ಳಿಗೆ ಕಳಿಸುವಾಗ, ಯಾರಿಗೂ ತಲೆ ತಗ್ಗಿಸಬ್ಯಾಡ ಎಂದು ಬಸ್ಸಿನ ಕಿಟಕಿಯಲ್ಲಿ ಕೈ ಹಾಕಿ ಹೇಳಿದ ನೀನು?

ಮೃತ್ಯುಂಜಯ ಗೌಡರ ಅಣ್ಣನ ಮಗಳು ಬಂಕಾಪುರದ ಹುಡುಗನ ಜೊತೆ ಹೋದಳು, ಅದಕ್ಕೆ ಈ ನಿಯಮ ಎಂದಳು ಅವ್ವ. ಆಕೆ ಹೋದದ್ದು ಬಸ್ ಹತ್ತಿ. ಹಾಗಾದರೆ ಬಸ್ಸನ್ನೂ ತಿಜೋರಿಯಲ್ಲಿ ಇಡಬೇಕಿತ್ತು.

ಇರಲಿ. ನಿಮ್ಮ ನಿಯಮ ಊರಿನ ಮದುವೆಯಾಗದ ಹೆಣ್ಣುಮಕ್ಕಳಿಗೆ ಅಲ್ಲವೇ? ನಾನೂ ಅದೇ ಊರಿನವಳು, ಮದುವೆಯಾಗಿಲ್ಲ, ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಇನ್ನೂ ನಿನ್ನ ಹೆಸರಿನ ಕೆಳಗೇ ಇದೆ. ಆದ್ದರಿಂದ ನಾನೂ ಪಾಲಿಸುತ್ತೇನೆ. ಕೋರ್ಟಿನ ಕೆಲಸಕ್ಕೆ ಮಾತ್ರ ನನ್ನ ಫೋನು. ಊರಿಂದ ಬರುವ ಯಾವ ಕರೆಯನ್ನೂ ಇನ್ನು ಎತ್ತುವುದಿಲ್ಲ, ನಿನ್ನದಾಗಲಿ ಅವ್ವನದಾಗಲಿ. ಹೇಳುವುದಿದ್ದರೆ ಕಾಗದ ಬರಿ. ನಿನ್ನ ಕಾನೂನು ಎಷ್ಟು ಚಂದ ಇದೆ ಎಂದು ನೀನೂ ನೋಡು.

ನಿನ್ನ ಮಗಳು ಹೌದೋ ಅಲ್ಲವೋ ಎಂದು ಯೋಚನೆಯಲ್ಲಿರುವ,
ವಿದ್ಯಾ


ತೆಗ್ಗಿನಕೊಪ್ಪ, ಶಿಗ್ಗಾವಿ ತಾಲೂಕು
13 ಜುಲೈ 2025

ಮಗಳು ವಿದ್ಯಾಳಿಗೆ,

ಜೈಭೀಮ್. ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ.

ಪೋಸ್ಟಿನ ಹಯಾತ ನಿನ್ನ ಕಾಗದ ತಂದು ಕೊಟ್ಟಾಗ ನಿಮ್ಮವ್ವ ಅದನ್ನು ಮುಟ್ಟದೆ ನನ್ನ ಕಡೆಗೆ ಸರಿಸಿದಳು. ನಮ್ಮ ಮನೆಗೆ ಕಾಗದ ಬಂದರೆ ಬ್ಯಾಂಕಿನದು, ಇಲ್ಲವೇ ಕೋರ್ಟಿನದು. ಓದಿದ ಮೇಲೆ, ಇದು ಕೋರ್ಟಿನ ಕಾಗದಕ್ಕಿಂತ ಕಡಿಮೆಯೇನಲ್ಲ ಅನಿಸಿತು.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಹೌದು, ಕೈ ಎತ್ತಿದೆ. ಆದರೆ ಎಲ್ಲಿ ಕೂತು ಎತ್ತಿದೆ ಎಂಬುದನ್ನು ಅವ್ವ ನಿನಗೆ ಹೇಳಿರಲಿಕ್ಕಿಲ್ಲ.

ನನ್ನ ಅಜ್ಜ ದೈವ ಕೂಡಿದಾಗ ಕಟ್ಟೆಯ ಕೆಳಗೆ, ಬೇವಿನ ಗಿಡದ ಹತ್ತಿರ ನಿಲ್ಲುತ್ತಿದ್ದ. ಅಪ್ಪನೂ ಅಲ್ಲೇ ನಿಂತ. ನಾನೂ ಅಲ್ಲೇ. ನನ್ನ ಕಾಲದಲ್ಲಿ ಯಾರೂ ನಮಗೆ ಹತ್ತಬೇಡ ಎಂದಿದ್ದಿಲ್ಲ. ನಾವು ಹತ್ತುತ್ತಿರಲಿಲ್ಲ, ಅವರು ಕರೆಯುತ್ತಿರಲಿಲ್ಲ, ಅಷ್ಟೇ. ಗ್ರಾಮ ಪಂಚಾಯತಿಗೆ ಆರಿಸಿ ಬಂದಮೇಲೆ ಆಫೀಸಿನಲ್ಲಿ ನನಗೂ ಕುರ್ಚಿ ಬಂತು. ಗೌಡರ ಪಕ್ಕದಲ್ಲೇ ಕೂಡುತ್ತೇನೆ, ಒಂದೇ ಕೆಟಲಿಯ ಚಹಾ ಕುಡಿಯುತ್ತೇನೆ. ಆದರೆ ಆ ಕುರ್ಚಿ ಸರಕಾರ ಕೊಟ್ಟದ್ದು. ಸಂಜೆ ಗುಡಿಯ ಹತ್ತಿರ ಬಂದರೆ ಮತ್ತೆ ಬೇವಿನ ಗಿಡವೇ. ಕಟ್ಟೆಯನ್ನು ಊರೇ ಕೊಡಬೇಕು ಮಗಳೇ, ಅದನ್ನು ಯಾವ ಸರಕಾರವೂ ಕೊಡಲಾರದು.

ಅವತ್ತು ಮೃತ್ಯುಂಜಯ ಗೌಡರು ಎಲ್ಲರ ಮುಂದೆ, "ಗಿರಿಯಪ್ಪನವರ, ಅಲ್ಯಾಕ ನಿಂತ್ರಿ? ಮ್ಯಾಲ ಬರ್ರಿ, ಕುಂಡ್ರಿ" ಅಂದರು.

ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೋ ಗಿರಿಯಪ್ಪ ಇರಬೇಕು ಅಂದುಕೊಂಡೆ. ಹುಟ್ಟಿದಾಗಿನಿಂದ ಅವರ ಬಾಯಲ್ಲಿ ನಾನು "ಏ ಗಿರ್ಯಾ". ನನಗಿಂತ ಸಣ್ಣವರ ಬಾಯಲ್ಲೂ ಅದೇ. ಚಪ್ಪಲಿ ಕೆಳಗೆ ಬಿಟ್ಟು ಹತ್ತಿದೆ. ಹಗಲ ಬಿಸಿಲಿಗೆ ಕಾದ ಕಲ್ಲು ಇನ್ನೂ ಬೆಚ್ಚಗಿತ್ತು. ನಮ್ಮಪ್ಪ ಬದುಕಿರಬೇಕಿತ್ತು ಅನಿಸಿತು.

ಆಮೇಲೆ ಮಾತು ನಡೆಯಿತು. ಕೈ ಎತ್ರಿ ಅಂದರು. ಎಲ್ಲ ಕೈಗಳೂ ಎದ್ದವು. ಯಾವುದಕ್ಕೆ ಎತ್ತುತ್ತಿದ್ದೇನೆ ಎಂಬುದು ನನಗೆ ತಿಳಿದಿತ್ತು, ಸುಳ್ಳು ಹೇಳುವುದಿಲ್ಲ. ಹತ್ತಿದ ದಿನವೇ ಬೇಡ ಎನ್ನಲು ಬಾಯಿ ಬರಲಿಲ್ಲ. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ.

ನಿನ್ನ ತಂಗಿ ಸಂಘಮಿತ್ರಾ ಫೋನನ್ನು ತಾನೇ ತಂದು ನನ್ನ ಕೈಯಲ್ಲಿಟ್ಟಳು. ಅವಳು ತಿಳಿದುಕೊಂಡಾಳು, ಜಾಣೆ ಇದ್ದಾಳೆ.

ಇನ್ನೊಂದು ಮಾತು. ಮೊನ್ನೆ ಪಂಚಾಯತಿ ಮೀಟಿಂಗಿನಲ್ಲಿ ಇದನ್ನೇ ಠರಾವು ಮಾಡಿದರು. ಗೌಡರು ಸೂಚಕರು, ನಾನು ಅನುಮೋದಕ. ಕಟ್ಟೆಯ ಮಾತು ಬಾಯಿ ಮಾತಿರಬಹುದು. ಪಂಚಾಯತಿ ಠರಾವು ಆದಮೇಲೆ ಅದು ಕಾನೂನೇ ಆಯಿತಲ್ಲ? ನೀನು ಓದಿದವಳು, ನೀನೇ ಹೇಳು.

ನೀನು ಹೌದೆಂದರೂ ಅಲ್ಲವೆಂದರೂ ನಿನ್ನ ಅಪ್ಪ,
ಗಿರಿಯಪ್ಪ


ಹಿರೇಕೆರೂರು
20 ಜುಲೈ 2025

ಅಪ್ಪಾ,

ಅನುಮೋದಕ! ಆ ಶಬ್ದ ಓದಿದ ಮೇಲೆ ಮುಂದಿನ ಸಾಲು ಕಾಣಲಿಲ್ಲ. ಕೈ ಎತ್ತಿದ್ದನ್ನು ಮರುಳು ಅಂದುಕೊಳ್ಳೋಣ. ವಾರ ಬಿಟ್ಟು ಚೆನ್ನಾಗಿ ನಿದ್ದೆ ಮಾಡಿ ಎದ್ದು, ಆಫೀಸಿಗೆ ಹೋಗಿ, ಸಹಿ ಮಾಡಿದೆಯಲ್ಲ! ನೀನು ಹೇಳಿದ ಆ ಮುಂದಿನ ಸಲ ಅದೇ ಆಗಿತ್ತು.

ಕಟ್ಟೆಯ ಬಗ್ಗೆ ನೀನು ಬರೆದದ್ದನ್ನು ಓದಿ ಅತ್ತೆ, ಅದನ್ನೂ ಹೇಳುತ್ತೇನೆ. ಆದರೆ ಅಳು ಮುಗಿದ ಮೇಲೆ ಸಿಟ್ಟು ಇಮ್ಮಡಿ ಆಯಿತು.

ಠರಾವು ಕಾನೂನೇ ಅಲ್ಲವೇ ಎಂದು ಕೇಳಿದ್ದೀಯ. ನಮ್ಮೂರಿನ ನೀರು ನೆನಪಿಸಿಕೋ. ಮೇಲೆ ಟಾಕಿ ಇದೆ, ಅದರಿಂದ ದೊಡ್ಡ ಪೈಪು, ಅದರಿಂದ ಸಣ್ಣದು, ಕಡೆಗೆ ನಮ್ಮ ಓಣಿಯ ನಳ. ನಿಮ್ಮ ಪಂಚಾಯತಿ ಆ ನಳ. ಅದಕ್ಕೆ ಅಧಿಕಾರ ಬರುವುದು ರಾಜ್ಯದ ಪಂಚಾಯತಿ ಕಾಯ್ದೆಯಿಂದ. ಬೀದಿ ದೀಪ, ಗಟಾರ, ನೀರು, ತೆರಿಗೆ, ಹೀಗೆ ಆ ಕಾಯ್ದೆ ಏನು ಮಾಡು ಎಂದಿದೆಯೋ ಅಷ್ಟೇ. ಹುಡುಗಿಯರ ಫೋನು ಕಸಿಯಿರಿ ಎಂದು ಅದರಲ್ಲಿ ಎಲ್ಲೂ ಇಲ್ಲ. ಆ ಕಾಯ್ದೆ ಮಾಡಿದ ವಿಧಾನಸಭೆಗೂ ಬಾಯಿಗೆ ಬಂದದ್ದನ್ನೆಲ್ಲ ಕಾನೂನು ಮಾಡುವ ಹಕ್ಕಿಲ್ಲ. ಅದರ ಮೇಲೆ, ದಿಲ್ಲಿಯ ಸಂಸತ್ತಿನ ಮೇಲೂ, ನಮ್ಮ ಪಡಸಾಲೆಯ ಗೋಡೆಯ ಮೇಲಿರುವುದು ಕೂತಿದೆ.

ಹದಿಮೂರನೇ ವಿಧಿ ಅಂತ ಒಂದಿದೆ ಅಪ್ಪಾ. ಮೂಲಭೂತ ಹಕ್ಕಿಗೆ ಎದುರಾದ ಕಾನೂನು ಯಾವುದೂ ನಿಲ್ಲುವುದಿಲ್ಲ ಎನ್ನುತ್ತದೆ. ಕಾನೂನು ಅಂದರೆ ಏನೇನು ಎಂದೂ ಹೇಳುತ್ತದೆ. ಆದೇಶ, ಉಪವಿಧಿ, ನಿಯಮ, ಅಧಿಸೂಚನೆ, ಮತ್ತು ರೂಢಿ. ರೂಢಿಯನ್ನು ಹೆಸರು ಹಿಡಿದು ಹೇಳಿದ್ದಾರೆ. ಯಾಕೆ ಎಂದು ನಾನು ಹೈಸ್ಕೂಲಿನಲ್ಲಿದ್ದಾಗ ನೀನೇ ಹೇಳಿದ್ದೆ. "ನಮಗ ಮಾಡಿದ್ದೆಲ್ಲಾ ಯಾವ ಬುಕ್ಕಿನ್ಯಾಗೂ ಬರದಿದ್ದಿಲ್ಲವಾ. ರೂಢಿ ಅಂತ ಮಾಡಿದ್ರು" ಅಂದಿದ್ದೆ.

ನಿನ್ನನ್ನು ಇಷ್ಟು ವರ್ಷ ಬೇವಿನ ಗಿಡದ ಕೆಳಗೆ ನಿಲ್ಲಿಸಿದ ಕಾನೂನು ಯಾವುದು? ಅದೇ ಕಟ್ಟೆಯ ಕಾನೂನು. ಸಂಘಿಯ ಫೋನನ್ನು ತಿಜೋರಿಗೆ ಹಾಕಿದ್ದೂ ಅದೇ. ಅವರು ಮೇಲೆ ಕರೆದದ್ದು ನಿನ್ನನ್ನಲ್ಲ ಅಪ್ಪಾ, ನಿನ್ನ ಕೈಯನ್ನು. ನಾಳೆ ಯಾರಾದರೂ ಕೇಳಿದರೆ, ನಿಮ್ಮ ಕೇರಿಯವನೂ ಒಪ್ಪಿದ್ದಾನೆ ಎನ್ನಲು ಅದು ಬೇಕಿತ್ತು.

ಈ ಠರಾವಿನ ವಿರುದ್ಧ ಕೋರ್ಟಿಗೆ ಹಾಕುವ ಅರ್ಜಿಯ ಕರಡು ಸಿದ್ಧ ಮಾಡಿದ್ದೇನೆ. ಅರ್ಜಿದಾರಳು ಸಂಘಮಿತ್ರಾ. ನಮ್ಮ ಸೀನಿಯರ್ ಸುಶೀಂದ್ರ ವಕೀಲರು ಕನ್ನಡಕ ಏರಿಸಿ ಓದಿ, "ಈ ಎರಡನೇ ಪ್ರತಿವಾದಿ ಗಿರಿಯಪ್ಪ ಅನ್ನೋರು ಯಾರು? ಬಹಳ ಜೋರಿನ ಮನುಷ್ಯ ಏನು?" ಎಂದು ಕೇಳಿದರು. ನಮ್ಮಪ್ಪ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಚಹಾ ತರಿಸಿ ಕೊಟ್ಟರು.

ಮುಂದಿನ ಮೀಟಿಂಗಿನಲ್ಲಿ ನೀನೇ ಎದ್ದು ಠರಾವು ವಾಪಸು ಎನ್ನು. ಅಲ್ಲಿಯವರೆಗೆ ಕರಡು ನನ್ನ ಚೀಲದಲ್ಲಿರುತ್ತದೆ. ನಿನ್ನ ಹೆಸರಿನ ಮುಂದೆ ಪ್ರತಿವಾದಿ ಎಂದು ಟೈಪ್ ಮಾಡುವ ಕೆಲಸವನ್ನು ನನ್ನ ಕೈಯಿಂದ ಮಾಡಿಸಬೇಡ. ಒಮ್ಮೆ ಮಾಡಿದ್ದೇ ಸಾಕಾಗಿದೆ.

ವಿದ್ಯಾ


ತೆಗ್ಗಿನಕೊಪ್ಪ
3 ಆಗಸ್ಟ್ 2025

ವಿದ್ಯಾ,

ನಾ ನಿಮ್ಮವ್ವ ಗುತ್ತೆವ್ವ ಹೇಳಾಕತ್ತೇನಿ, ಸಂಘಿ ಬರಿಯಾಕತ್ತಾಳ. ನಾ ಹೇಳಿದ್ದನ್ನ ಹೇಳಿದಂಗ ಬರಿ, ನಿನ್ನ ಶ್ಯಾಣೇತನ ಸೇರಿಸಬ್ಯಾಡ ಅಂದೇನಿ.

ಸಂಘೀಗೆ ದನದ ಡಾಕ್ಟರ್ ಕಲಿಯೂ ಸೀಟು ಬಂದಿತ್ತವಾ, ಗದಗಿನ್ಯಾಗ. ಬಂದಿತ್ತು ಅನ್ನಾಕತ್ತೇನಿ ನೋಡು, ಬಂದೈತಿ ಅನ್ನಾಕತ್ತಿಲ್ಲ. ಪಂಚಮಿ ದಿನಾನ ಗೊತ್ತಾತು. ಜೋಕಾಲಿ ಬಿಟ್ಟು ದುಂಡಸಿ ಕಂಪ್ಯೂಟರ್ ಅಂಗಡಿಗೆ ಓಡಿದ್ಲು. ಸೀಟು ನಂಗ ಬೇಕು ಅಂತ ಅದರಾಗ ಒತ್ತಬೇಕಂತ. ಒತ್ತಿದ್ರ ಮೊಬೈಲಿಗೆ ಒಂದು ನಂಬರ್ ಬರತೈತಂತ. ಆ ನಂಬರ್ ಹಾಕಿದ್ರಷ್ಟ ಸೀಟು ನಮ್ದಂತ. ಮೊಬೈಲ್ ಎಲ್ಲೈತಿ? ತಿಜೋರ್ಯಾಗ. ನನ್ನ ಫೋನಿಗೆ ಬರಲಿ ಅಂದ್ರ ಬರೂದಿಲ್ಲಂತ, ಅರ್ಜಿ ಹಾಕುವಾಗ ಆಕಿ ನಂಬರ ಕೊಟ್ಟಿದ್ಲಂತ. ಗುರುವಾರ ಸಂಜಿ ತನಕ ಅಷ್ಟ ಟೈಮು.

ನಿಮ್ಮಪ್ಪ ಗೌಡರ ಮನಿಗೆ ಓಡಿದ. ಪಾಪ, ಓಡಿದ ಖರೆ. ಅವರು ಪಂಚಮಿ ಉಂಡಿ ತಿನ್ನಕೋಂತ ಕುಂತಿದ್ರಂತ. "ಗಿರಿಯಪ್ಪನವರ, ದೈವ ಕೂಡಿ ಇಟ್ಟದ್ದು, ದೈವ ಕೂಡೇ ತಗೀಬೇಕು. ನಾ ಒಬ್ಬಾವ ಬೀಗಾ ತಗದ್ರ ನಾಳೆ ನೀವ ನನ್ನ ಕೇಳ್ತೀರಿ. ಹಬ್ಬ ಮುಗೀಲಿ, ಸೋಮವಾರ ಕೂಡೂಣು" ಅಂದ್ರಂತ. ಉಂಡಿ ಕೊಟ್ಟು ಕಳಿಸ್ಯಾರ. ಆ ಉಂಡಿ ತಂದು ಗ್ವಾಡಿ ಮಾಡದಾಗ ಇಟ್ಟಾನ, ಇರಿವಿ ಮುತ್ಯಾವ.

ಅಷ್ಟೂ ಹೊತ್ತು ನಾ ನಿನಗ ಫೋನ್ ಹಚ್ಚೇ ಹಚ್ಚೇನಿ. ಬ್ಯಾರೆ ದಾರಿ ಏನರ ಇದ್ರ ನಿನಗ ಗೊತ್ತಿರತೈತಿ, ಹುಬ್ಬಳ್ಳ್ಯಾಗ ಯಾರನ್ನರ ಹಿಡೀತಿ ಅಂತ. ಎತ್ತಲಿಲ್ಲ ನೀ. ಮಗ್ಗಲ ಮನಿ ಚಮನಬಿ ಫೋನಿಂದ ಹಚ್ಚಿದೆ, ಆಕಿ ಮಗಳ ಫೋನೂ ತಿಜೋರ್ಯಾಗ ಐತಿ, ಬಟ್ಟಿ ಹೊಲ್ಯೂ ಗಿರಾಕಿಗೋಳು ತಪ್ಪ್ಯಾವಂತ ಆಕೀನೂ ಅಳತಿದ್ಲು. ಅದನ್ನೂ ಎತ್ತಲಿಲ್ಲ. ಗುರುವಾರ ಸಂಜೀಕ ಸಂಘಿ ಅಂಗಡಿಂದ ಬಂದು ಕಾಲ ತೊಳಕೊಂಡು ರೊಟ್ಟಿ ಬಡ್ಯಾಕ ಕುಂತ್ಲು. ಅಳಲಿಲ್ಲ. ಅತ್ತಿದ್ರ ಚಲೋ ಇತ್ತು.

ನಿನಗ ನಿಮ್ಮಪ್ಪನ ಮ್ಯಾಲ ಸಿಟ್ಟಿತ್ತು, ಒಪ್ಪಿದೆ. ನನಗೂ ಐತಿ. ನಾ ಏನ್ ಮಾಡಿದ್ನೇ ನಿನಗ? ನಾ ಯಾವ ಕಟ್ಟಿ ಹತ್ತಿದ್ದೆ?

ಇಂತಿ ನಿಮ್ಮವ್ವ

(ಇಷ್ಟು ಹೇಳಿ ಅವ್ವ ಎದ್ದು ಹಿತ್ತಲಿಗೆ ಹೋದಳು. ನನ್ನದು ಅಂತ ಏನೂ ಬರೆಯುವುದಿಲ್ಲ. — ಸಂಘಮಿತ್ರಾ)


ಹಿರೇಕೆರೂರು
7 ಆಗಸ್ಟ್ 2025

ಅವ್ವಾ,

ಏನು ಬರೆಯಲಿ? ಬೆಳಗಿನಿಂದ ನಿನಗೂ ಅಪ್ಪನಿಗೂ ಫೋನ್ ಮಾಡುತ್ತಿದ್ದೇನೆ. ಇಬ್ಬರೂ ಎತ್ತುತ್ತಿಲ್ಲ.

ನಿನ್ನ ಕರೆ ಬಂದದ್ದು ನನಗೆ ಗೊತ್ತಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಫೋನು ಮೇಜಿನ ಮೇಲೇ ಇತ್ತು. ಅವ್ವ ಎಂದು ಹೆಸರು ಮೂಡುತ್ತಿತ್ತು, ಆರುತ್ತಿತ್ತು, ಮತ್ತೆ ಮೂಡುತ್ತಿತ್ತು. ಅಪ್ಪ ಸೋತಿದ್ದಾನೆ, ನಿನ್ನ ಕೈಯಿಂದ ಮಾಡಿಸುತ್ತಿದ್ದಾನೆ, ಇನ್ನಷ್ಟು ಬಗ್ಗಲಿ ಅಂದುಕೊಂಡೆ. ಒಳಗೊಳಗೇ ಖುಷಿಯಾಗಿತ್ತು ಅವ್ವಾ. ನಿನ್ನ ಕಾಗದ ಓದಿದಾಗಿನಿಂದ ಆ ಖುಷಿಯೇ ನನ್ನನ್ನು ಕೊಲ್ಲುತ್ತಿದೆ.

ನಿನ್ನೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಹಾವೇರಿ ಬಸ್ಸು ಬಂತು, ನಿಂತಿತು, ಹೋಯಿತು. ಹತ್ತಲಿಲ್ಲ. ಸಂಘಿಯ ಎದುರಿಗೆ ಯಾವ ಮುಖ ಹೊತ್ತು ನಿಲ್ಲಲಿ? ಅಪ್ಪ ಅವಳ ಫೋನು ಕಿತ್ತುಕೊಂಡ. ನಾನು ನನ್ನ ಫೋನು ಕಿತ್ತುಕೊಂಡೆ. ಇಬ್ಬರೂ ಸೇರಿ ಅವಳ ಸೀಟು ಕಳೆದೆವು.

ಒಂದು ದಾರಿ ಇರಬಹುದು. ಸೀಟು ಹಂಚುವವರ ಹುಬ್ಬಳ್ಳಿ ಸಹಾಯ ಕೇಂದ್ರಕ್ಕೆ ಹೋಗಿ, ಆದದ್ದನ್ನೆಲ್ಲ ಬರೆದು, ಉಳಿದ ಸೀಟುಗಳಿಗಾದರೂ ಹೆಸರು ಪರಿಗಣಿಸಿರಿ ಎಂದು ಅರ್ಜಿ ಕೊಡಬೇಕು. ಒಕ್ಕಣೆ ಇದರ ಜೊತೆಗಿದೆ. ಸಂಘಿ ಸಹಿ ಮಾಡಿದರೆ ಸಾಕು. ಮಾಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳನ್ನು ಕೇಳಲು ನನಗೆ ಧೈರ್ಯವಿಲ್ಲ, ನೀನೇ ಕೇಳು.

ವಿದ್ಯಾ


ತೆಗ್ಗಿನಕೊಪ್ಪ
11 ಆಗಸ್ಟ್ 2025

ವಿದ್ಯಾ,

ಹೋದ ಸೋಮವಾರ ದೈವ ಕೂಡಿತು. ಗೌಡರು ಮತ್ತೆ ಮೇಲೆ ಕರೆದರು, ಹತ್ತಿ ಕೂತೆ. ಫೋನಿನ ಮಾತು ಎತ್ತಿದೆ. ಸೀಟು ಹೋದದ್ದನ್ನು ಹೇಳಿದೆ. ಎಲ್ಲರೂ ಲೊಚಗುಟ್ಟಿ ಮರುಗಿದರು. ಆಮೇಲೆ ಗೌಡರು, "ಸೀಟು ಹ್ಯಾಂಗೂ ಹೋತಲ್ರಿ ಗಿರಿಯಪ್ಪನವರ. ಇನ್ನ ಫೋನ್ ತಗೊಂಡು ಏನ್ ಮಾಡ್ತೀರಿ?" ಎಂದರು.

ಅವರು ಚುಚ್ಚಲು ಹೇಳಿದ್ದಲ್ಲ. ಸಹಜವಾಗಿ, ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರು. ಅದಕ್ಕೇ ನನಗೆ ಎದೆಗೆ ಒದ್ದಂತಾಯಿತು. ಎದ್ದು ಇಳಿಯಬೇಕು ಅಂದುಕೊಂಡೆ. ಕಾಲು ಏಳಲಿಲ್ಲ. ಮಾತು ಬೇರೆ ಕಡೆಗೆ ಹೋಯಿತು, ನಾನು ಕೊನೆಯವರೆಗೂ ಅಲ್ಲೇ ಕೂತಿದ್ದೆ ಮಗಳೇ. ಕಟ್ಟೆಯ ಮೇಲೇ ಕೂತಿದ್ದೆ.

ನೀನು ಬರೆದದ್ದು ಖರೆ. ನನ್ನ ಕೈಯೊಂದೇ ಅವರಿಗೆ ಬೇಕಿತ್ತು. ಬೀಗ ಹಾಕಲು ಅದು ಸಾಕಾಯಿತು, ತೆಗೆಯಲು ಸಾಲಲಿಲ್ಲ.

ನಿನ್ನ ಚೀಲದಲ್ಲಿರುವ ಕರಡು ಹೊರಗೆ ತೆಗೆ. ಪ್ರತಿವಾದಿ ಎಂದು ನನ್ನ ಹೆಸರು ಹಾಕು. ಅಳಿಸಬೇಡ.

ಸಂಘಮಿತ್ರಾ ನೀನು ಕಳಿಸಿದ ಅರ್ಜಿಗೆ ಸಹಿ ಮಾಡಿದಳು. ನಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಹೋಗುವಾಗ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು.

ನಿಮ್ಮ ಅಪ್ಪ


ತೆಗ್ಗಿನಕೊಪ್ಪ
24 ಆಗಸ್ಟ್ 2025

ಅಕ್ಕಾ,

ಈ ಸಲ ನನ್ನದೇ ಕಾಗದ. ಯಾರೂ ಹೇಳಿ ಬರೆಸುತ್ತಿಲ್ಲ.

ಮೊದಲು ಜಗಳ ಮುಗಿಸುತ್ತೇನೆ. ನಿನ್ನ ಕಾಗದಗಳನ್ನೂ ಅಪ್ಪನ ಕಾಗದಗಳನ್ನೂ ಓದಿದ್ದೇನೆ. ಅಪ್ಪ ಪೋಸ್ಟಿಗೆ ಹಾಕು ಎಂದು ಲಕೋಟೆ ಅಂಟಿಸದೇ ನನ್ನ ಕೈಯಲ್ಲೇ ಕೊಡುತ್ತಿದ್ದ, ನಿನ್ನವನ್ನು ದಿಂಬಿನ ಕೆಳಗೆ ಇಡುತ್ತಿದ್ದ. ಅಪ್ಪ ಕಟ್ಟೆಯ ಬಗ್ಗೆ ಬರೆದ, ನೀನು ಹದಿಮೂರನೇ ವಿಧಿ ಬರೆದೆ. ಎರಡೂ ಚಂದ ಇದ್ದವು. ನಾನು ಅಪ್ಪನ ಕಾಗದದಲ್ಲಿ ತಿಳಿದುಕೊಳ್ಳುವವಳು, ನಿನ್ನ ಕಾಗದದಲ್ಲಿ ಅರ್ಜಿದಾರಳು. ಫೋನು ಕೊಡುತ್ತೀಯಾ ಎಂದು ಅಪ್ಪ ಕೇಳಲಿಲ್ಲ. ಕೇಸು ಹಾಕಲೇ ಎಂದು ನೀನು ಕೇಳಲಿಲ್ಲ. ದೈವದವರು ಕೇಳಲಿಲ್ಲ, ಸರಿ, ಅವರೇನು ನಮ್ಮ ಮನೆಯವರೇ? ನೀವಿಬ್ಬರೂ ಕೇಳದೇ ಇದ್ದದ್ದು ನನಗೆ ಸೀಟು ಹೋದದ್ದಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತಿತು.

ಮುಗಿಯಿತು. ಈಗ ಶುಕ್ರವಾರದ ಸುದ್ದಿ.

ಅವತ್ತು ಗ್ರಾಮಸಭೆ ಇತ್ತು, ಶಾಲೆಯ ಮುಂದೆ. ಪಂಚಾಯತಿಗೆ ಹೊಸ ಪಿಡಿಓ ಬಂದಿದ್ದಾರೆ, ಪ್ರಿಯಂವದಾ ಅಂತ, ಸವಣೂರಿನವರು. ಮನೆ ಪಟ್ಟಿ, ಗಟಾರ ಎಲ್ಲ ಮುಗಿದ ಮೇಲೆ, "ಇನ್ನ ಯಾರದರ ಏನರ ವಿಷಯ ಐತೇನ್ರಿ?" ಎಂದು ಕೇಳಿದರು. ನಾನು ಕೈ ಎತ್ತಿದೆ.

ಗೌಡರು ನಕ್ಕು, "ಸಣ್ಣ ಹುಡುಗಿ ಅದಿ, ಕೈ ಇಳಸವಾ" ಅಂದರು.

ಪಿಡಿಓ ನನ್ನ ಕಡೆ ನೋಡಿ, "ಮತದಾರರ ಪಟ್ಟಿಯೊಳಗ ಹೆಸರು ಐತೇನವಾ?" ಎಂದರು. ಐತ್ರಿ ಅಂದೆ. "ಹಂಗಾರ ಆಕಿ ಸಣ್ಣಾಕಿ ಅಲ್ರಿ ಗೌಡ್ರ. ಹೇಳವಾ."

ನೀನು ಬರೆದದ್ದನ್ನೇ ಹೇಳೋಣ ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಎಲ್ಲ ಮರೆತುಹೋಯಿತು. "ನನ್ನ ಫೋನ್ ಇಟ್ಕೊಳ್ರಿ ಅಂತ ನಿಮಗ ಯಾವ ಕಾನೂನು ಹೇಳೇತ್ರಿ?" ಎಂದಷ್ಟೇ ಕೇಳಿದೆ. ಪಿಡಿಓ ಠರಾವಿನ ಪುಸ್ತಕ ತರಿಸಿ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿದವು. ಇದೇನ್ರಿ ಇದು, ಇದೇನ್ರಿ ಇದು, ಎಂದು ಎರಡು ಸಲ ಅಂದರು. "ಇದನ್ನ ಮ್ಯಾಲಿನವರಿಗೆ ಕಳಸ್ತೇನಿ. ಇದು ನಿಲ್ಲೂ ಠರಾವಲ್ಲ. ಆದ್ರ ತಿಜೋರಿ ಪಂಚಾಯತೀದಲ್ಲ. ಬೀಗದ ಕೈ ಯಾರ ಕಡೆ ಐತಿ?"

ಎಲ್ಲರಿಗೂ ಗೊತ್ತಿತ್ತು. ಎಲ್ಲರ ಕಣ್ಣೂ ಗೌಡರ ಕಡೆ ಹೋದವು. ಗೌಡರು, "ಠರಾವು ಬಿದ್ರ ಬೀಳವಲ್ದ್ಯಾಕ. ದೈವದ ಮಾತು ದೈವದ ಮಾತು. ಎಲ್ಲಾರೂ ಕೈ ಎತ್ಯಾರ, ಈಕೀ ಅಪ್ಪನೂ ಎತ್ಯಾನ, ಬೇಕಾರ ಕೇಳ್ರಿ" ಅಂದರು.

ಆಗ ಅಪ್ಪ ಎದ್ದ. ಮೆಂಬರುಗಳ ಕುರ್ಚಿಗಳ ಸಾಲಿನಿಂದ ಎದ್ದು ಬಂದು ನನ್ನ ಪಕ್ಕದಲ್ಲಿ, ಜನರ ನಡುವೆ ನಿಂತ. ಅವನ ಧ್ವನಿ ಅಷ್ಟು ಸಣ್ಣದಾಗಿದ್ದದ್ದನ್ನು ನಾನು ಯಾವತ್ತೂ ಕೇಳಿಲ್ಲ.

"ಖರೆ ಐತ್ರಿ ಗೌಡ್ರ. ಎತ್ತೇನಿ. ಅವತ್ತು ನೀವು ನನ್ನ ಹೆಸರಿಗೆ 'ನವರ' ಅಂತ ಹಚ್ಚಿದ್ರಿ. ಅದರ ಋಣಕ್ಕ ಎತ್ತಿದೆ. ಅದನ್ನ ವಾಪಸ್ ತಗೊಳ್ರಿ. ನಂಗ ಗಿರ್ಯಾ ಅಂತ ಕರೀರಿ, ಬೇವಿನ ಗಿಡದ ಬುಡಕ ನಿಂದರಸ್ರಿ. ನನ್ನ ಮಗಳ ಫೋನ್ ಕೊಡ್ರಿ."

ಅಕ್ಕಾ, ಅಪ್ಪ ಆ ಒಂದು 'ನವರ'ಕ್ಕೆ ಎಷ್ಟು ವರ್ಷ ಕಾದಿದ್ದ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಎಲ್ಲರ ಮುಂದೆ ತೆಗೆದು ಕೊಟ್ಟುಬಿಟ್ಟ. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಹಿಂದಿನಿಂದ ಚಮನಬಿ ಚಿಕ್ಕಮ್ಮ ಎದ್ದು ನಿಂತು, "ನಮ್ಮ ಹುಡುಗೀದೂ ಕೊಡ್ರಿ" ಅಂದಳು. ನಮ್ಮ ಕೇರಿಯ ಫಕ್ಕೀರವ್ವ ಎದ್ದಳು. ಆಮೇಲೆ ಗೌಡರ ಓಣಿಯ ಹೆಣ್ಣುಮಕ್ಕಳೇ ಒಬ್ಬೊಬ್ಬರಾಗಿ ಎದ್ದರು. ಗೌಡರು ಬೀಗದ ಕೈಯನ್ನು ಪಿಡಿಓ ಮೇಜಿನ ಮೇಲೆ ಎಸೆದು ಹೊರಟುಹೋದರು.

ಫೋನುಗಳೆಲ್ಲ ಸತ್ತು ಬಿದ್ದಿದ್ದವು. ಮನೆಗೆ ತಂದು ಚಾರ್ಜಿಗೆ ಹಾಕಿದೆ. ಹತ್ತಿಕೊಂಡ ಕೂಡಲೇ ಮೊದಲು ಬಂದದ್ದು ಗೆಳತಿ ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜು. ಸೀಟು ಸಿಕ್ಕಿದ್ದಕ್ಕೆ ಅಭಿನಂದನೆಗಳು, ಡಾಕ್ಟರಮ್ಮ. ಆಗ ಅತ್ತೆ ಅಕ್ಕಾ. ಅವ್ವನಿಗೆ ಸಮಾಧಾನ ಆಯಿತು, ಕಡೆಗೂ ಅತ್ತಳಲ್ಲ ಎಂದು.

ನಿನ್ನೆ ಹೊಲದ ದಾರಿಯಲ್ಲಿ ಗೌಡರು ಅಪ್ಪನಿಗೆ ಎದುರಾದರಂತೆ. "ಏ ಗಿರ್ಯಾ, ಎತ್ತ ಹೊಂಟಿ?" ಅಂದರಂತೆ. "ಹೊಲಕ್ಕ್ರಿ" ಎಂದು ಹೇಳಿ ಬಂದನಂತೆ. ಮನೆಗೆ ಬಂದು ನಗುನಗುತ್ತಲೇ ನಮಗೆ ಹೇಳಿದ. ಊಟಕ್ಕೆ ಕೂತವನು ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನದೆ ಕೈ ತೊಳೆದುಕೊಂಡ. ಕಟ್ಟೆಗೆ ಇನ್ನು ಅವನನ್ನು ಯಾರೂ ಕರೆಯುವುದಿಲ್ಲ. ಅದಕ್ಕೆ ಯಾವ ವಿಧಿ ಇದೆ ಎಂದು ನಿನ್ನ ಪುಸ್ತಕದಲ್ಲಿ ಹುಡುಕು. ಅದೊಂದು ಕೇಸಿಗಾದರೆ ನಾನೇ ಅರ್ಜಿದಾರಳು, ಕೇಳುವುದೇ ಬೇಡ. ಪ್ರತಿವಾದಿಯ ಜಾಗದಲ್ಲಿ ಮಾತ್ರ ಅಪ್ಪನ ಹೆಸರು ಹಾಕಬೇಡ.

ಹುಬ್ಬಳ್ಳಿಯಲ್ಲಿ ಕೊಟ್ಟ ಅರ್ಜಿಗೆ ಗುರುವಾರ ಉತ್ತರ ಹೇಳುತ್ತಾರಂತೆ. ಉಳಿದ ಸೀಟುಗಳಿಗೆ ನನ್ನ ಹೆಸರು ತೆಗೆದುಕೊಳ್ಳಬಹುದು, ತೆಗೆದುಕೊಳ್ಳದೆಯೂ ಇರಬಹುದು. ಅಷ್ಟರಲ್ಲಿ ಈ ಕಾಗದ ನಿನಗೆ ಮುಟ್ಟಿರುತ್ತದೆ. ಉತ್ತರ ಏನೇ ಬರಲಿ, ಗುರುವಾರ ಸಂಜೆ ನನ್ನ ಫೋನಿನಿಂದ ನಿನಗೆ ಮಾಡುತ್ತೇನೆ. ಅಪ್ಪನೂ ಪಕ್ಕದಲ್ಲಿ ಕೂತಿರುತ್ತಾನೆ. ಮೊದಲು ಜೈಭೀಮ್ ಅನ್ನು, ಅವನು ಅದಕ್ಕೇ ಕಾಯುತ್ತಿದ್ದಾನೆ.

ಈ ಸಲ ಎತ್ತಕ್ಕಾ.

ಸಂಘಮಿತ್ರಾ